ಕುಶನ್ ಅಣ್ಣನ ಎದೆಯ ಹೊಲಿಗೆ

ನಮ್ಮ ವಂಶದ ಚರ್ಮದ್ದು ಸ್ವಲ್ಪ ಅತಿ. ಬೇರೆಯವರಿಗೆ ಗೀರು ಬಿದ್ದರೆ ತಾನಾಗಿ ಮಾಯುತ್ತದೆ. ನಮಗೆ ಬಿದ್ದರೆ ಅಲ್ಲೇ ಸಂಸಾರ ಹೂಡುತ್ತದೆ. ಅಮ್ಮನ ತೋಳಿನ ಮೇಲಿರುವ ಲಸಿಕೆಯ ಗುರುತು ಕೋಟಿನ ಗುಂಡಿಯಷ್ಟು ಉಬ್ಬಿ ನಿಂತಿದೆ. ನಾನು ಕಾಲೇಜಿಗೆ ಹೋಗುವಾಗ ಶೋಕಿಗೆಂದು ಕಿವಿಯ ಮೇಲ್ತುದಿಗೆ ಇನ್ನೊಂದು ತೂತು ಹೊಡೆಸಿದೆ. ತೂತು ಮುಚ್ಚಿಹೋಯಿತು, ಅದರ ಜಾಗದಲ್ಲಿ ಬಟಾಣಿ ಗಾತ್ರದ ಗಂಟೊಂದು ಬಂದು ಕುಳಿತಿತು. ಪಾಪುವನ್ನು ಹೆರುವಾಗ ಹೊಟ್ಟೆ ಕೊಯ್ದ ಗೆರೆಯಂತೂ ಈಗಲೂ ಬಟ್ಟೆ ಒಣಹಾಕುವ ಹಗ್ಗದ ಹಾಗಿದೆ. ಹವೆ ಬದಲಾದಾಗಲೆಲ್ಲ ನವೆ ಎದ್ದು ಎಲ್ಲರಿಗಿಂತ ಮೊದಲು ನನಗೆ ಸುದ್ದಿ ಕೊಡುತ್ತದೆ. ಆದ್ದರಿಂದ ಅಣ್ಣ ಎದೆಯ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಯೋಚನೆಗೆ ಬಿದ್ದರೆ, ನಾನು ಬಿದ್ದದ್ದು ಚರ್ಮದ ಯೋಚನೆಗೆ.

ಅಣ್ಣನ ವಿಷಯ ಮೊದಲಿಂದ ಹೇಳಬೇಕು. ಅವನು ಹುಟ್ಟಿದಾಗ ಆಸ್ಪತ್ರೆಯವರು ಹೆಣ್ಣು ಎಂದು ಬರೆದುಕೊಂಡರು. ಮಾತು ಬಂದಾಗಿನಿಂದ ಅವನು ಅಲ್ಲ ಎನ್ನುತ್ತಲೇ ಬಂದ. ಮನೆಯವರು ಅದನ್ನು ಹಟ ಎಂದುಕೊಂಡರು, ಆಮೇಲೆ ವಯಸ್ಸಿನ ಹುಚ್ಚು ಎಂದುಕೊಂಡರು, ಕೊನೆಗೆ ಎಂದುಕೊಳ್ಳಲು ಏನೂ ಉಳಿಯದೆ ಒಪ್ಪಿಕೊಂಡರು. ನನ್ನ ಬಾಯಲ್ಲಿ ಅಕ್ಕ ಹೋಗಿ ಅಣ್ಣ ಬಂತು. ಡಾಕ್ಟರ ಸಲಹೆಯಂತೆ ಹಾರ್ಮೋನ್ ಇಂಜೆಕ್ಷನ್ ಶುರುವಾದ ಮೇಲೆ ಮೊದಲು ಬದಲಾದದ್ದು ದನಿ. ಒಂದು ದಿನ ಅಮ್ಮನಿಗೆ ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿದರೆ, ನಿಮಗ್ಯಾಕ್ರೀ ಅದೆಲ್ಲ ಎಂದು ಗದರಿ ಅಮ್ಮ ಇಟ್ಟುಬಿಟ್ಟಳಂತೆ. ಮೀಸೆ ಬರಲು ತಡವಾಯಿತು; ಬಂದದ್ದೂ ಒಂದು ಪಕ್ಕಕ್ಕೆ ಮೊದಲು ಬಂತು. ಆ ತಿಂಗಳುಗಳಲ್ಲಿ ಅವನು ಯಾರ ಜೊತೆ ಮಾತಾಡಿದರೂ ಆ ಪಕ್ಕವನ್ನೇ ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದ.

ಅವನದು ಕುಶನ್ ಕೆಲಸ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ ಕೂಡ. ಹಳೆಯದನ್ನು ಬಿಚ್ಚಿ, ತಳಕ್ಕೆ ಪಟ್ಟಿ ಬಿಗಿದು, ಸ್ಪ್ರಿಂಗ್ ಕಟ್ಟಿ, ಸ್ಪಂಜು ಕೂರಿಸಿ, ಮೇಲೆ ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು. ಅವನು ಮಾಡಿದ ಸೋಫಾದಲ್ಲಿ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು. ಯಾರ ಮನೆಗೆ ಹೋದರೂ ಮೊದಲು ಅವರ ಮುಖ ನೋಡುವುದಿಲ್ಲ, ಕುರ್ಚಿಯ ಅಂಚು ನೋಡುತ್ತಾನೆ. ನನ್ನ ಮದುವೆಯ ಮಾತಿಗೆಂದು ಹುಡುಗನ ಮನೆಗೆ ಹೋಗಿ ಬಂದು, ಜನ ಪರವಾಗಿಲ್ಲ, ಸೋಫಾ ಮಾತ್ರ ಜೋಲು ಬಿದ್ದಿದೆ ಎಂದು ವರದಿ ಕೊಟ್ಟಿದ್ದ.

ಕೆಲಸ ಕಲಿಸಿದವರು ಮೇಸ್ತ್ರಿ. ಅಂಗಡಿ ಅವರದೇ. ಅವರ ಬಾಯಲ್ಲಿ ಸದಾ ಒಂದು ಹಿಡಿ ಸಣ್ಣ ಮೊಳೆ ಇರುತ್ತದೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು ಸುತ್ತಿಗೆಗೆ ಒಪ್ಪಿಸುತ್ತಾರೆ. ಹೀಗಾಗಿ ಅವರು ದಿನವೆಲ್ಲ ಆಡುವ ಮಾತು ‘ಮ್’ ಒಂದೇ. ಅಣ್ಣ ಗಟ್ಟಿ ಮನಸ್ಸು ಮಾಡಿ, ನಾನು ಗಂಡಸು, ಇನ್ನು ಮೇಲೆ ಹಾಗೇ ಇರ್ತೀನಿ ಎಂದು ಅವರಿಗೆ ಹೇಳಿದಾಗಲೂ ‘ಮ್’ ಎಂದರು. ಆ ‘ಮ್’ನ ಅರ್ಥ ಏನಿರಬಹುದೆಂದು ಅಣ್ಣ ನಮ್ಮ ಮನೆಗೆ ಬಂದು ನನ್ನ ತಲೆ ತಿಂದ. ಮರುದಿನ ಮೇಸ್ತ್ರಿ ಗಿರಾಕಿಯೊಬ್ಬರಿಗೆ, ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, ನಮ್ಮ ಹುಡುಗ ಬಂದು ಅಳತೆ ತಗೋತಾನೆ ಎಂದರಂತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಗಿಯದೆ ಉಳಿದದ್ದು ಬನಿಯನ್ ವಿಷಯ. ಅಂಗಡಿಗೆ ತಗಡಿನ ಮಾಡು. ಫ್ಯಾನ್ ಹಾಕಿದರೆ ನಾರಿನ ಪುಡಿ ಹಾರಿ ಅಂಟಿನ ಮೇಲೆ ಕೂರುತ್ತದೆಂದು ಕೆಲಸ ಇರುವಾಗ ಫ್ಯಾನ್ ಹಾಕುವಂತಿಲ್ಲ. ಬೇಸಿಗೆಯಲ್ಲಿ ಮೇಸ್ತ್ರಿಯೂ ಪಕ್ಕದ ಬಡಗಿಯೂ ತೋಳಿಲ್ಲದ ಬನಿಯನ್ನಿನಲ್ಲಿ ಕೂತು ಕೆಲಸ ಮಾಡುತ್ತಾರೆ. ಅಣ್ಣನ ಮೈಮೇಲೆ ಎರಡು ಅಂಗಿ. ಅದರೊಳಗೆ, ಎದೆಯನ್ನು ಚಪ್ಪಟೆಯಾಗಿಸಲು ಬಿಗಿದ ಪಟ್ಟಿ. ಕೊಂಡು ತಂದದ್ದು ಸಡಿಲ ಎಂದು, ಸೋಫಾದ ತಳಕ್ಕೆ ಹೊಡೆಯುವ ಎಲಾಸ್ಟಿಕ್ ಪಟ್ಟಿಯಲ್ಲಿ ಅದನ್ನು ತಾನೇ ಹೊಲಿದುಕೊಂಡಿದ್ದ. ದಪ್ಪನೆಯ ಮನುಷ್ಯ ಧೊಪ್ಪೆಂದು ಕೂತರೂ ಜಗ್ಗದ ಪಟ್ಟಿ ಅದು. ಅದನ್ನು ಕಟ್ಟಿಕೊಂಡು ಅವನು ಅರ್ಧ ಉಸಿರಿನಲ್ಲಿ ಬದುಕುತ್ತಿದ್ದ. ಪಕ್ಕೆಲುಬು ನೋಯುತ್ತಿತ್ತು, ಬೆವರಿಗೆ ಚರ್ಮವೆಲ್ಲ ಗುಳ್ಳೆ ಎದ್ದಿತ್ತು. ಮುಂದೆ ಆಪರೇಷನ್ ಮಾಡಿದ ಡಾಕ್ಟರಮ್ಮ ಮೊದಲ ಸಲ ಪರೀಕ್ಷೆ ಮಾಡುವಾಗ ಇದೇನ್ರೀ ಎಂದು ಕೇಳಿದರೆ, ಮೂರು ಜನ ಕೂರೋ ಸೋಫಾದ್ದು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಅವರು ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು.

ಆಪರೇಷನ್ನಿಗೆ ಮುಂಚೆ ಮನಸ್ಸಿನ ಡಾಕ್ಟರ ಜೊತೆ ಮಾತಾಡಬೇಕಿತ್ತು. ಒಳ್ಳೆಯ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಗುವುದಿಲ್ಲವೋ ಏನೋ ಎಂದು ಹೆದರಿ ನಾನು ಅವನಿಗೆ ಬಾಯಿಪಾಠ ಮಾಡಿಸಿದ್ದೆ. ಬಾಲ್ಯ, ಕನ್ನಡಿ, ನೋವು ಎಲ್ಲ ಅದರಲ್ಲಿತ್ತು. ಡಾಕ್ಟರು, ಈ ಆಪರೇಷನ್ ನಿಮಗೆ ಯಾಕೆ ಬೇಕು ಎಂದು ಕೇಳಿದರು. ಅಣ್ಣ, ‘ಸೆಖೆ ಸಾರ್’ ಎಂದ.

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ.

‘ತುಳೀಬೇಡ ಕಣೇ. ನಿಜಾನೇ ಹೇಳ್ತಿದೀನಿ ಸಾರ್. ಎಲ್ಲರ ಹಾಗೆ ಬರೀ ಬನಿಯನ್ ಹಾಕ್ಕೊಂಡು ಅಂಗಡೀಲಿ ಕೂತು ಕೆಲಸ ಮಾಡಬೇಕು. ನನಗೆ ಬೇಕಾಗಿರೋದು ಅಷ್ಟೇ. ಅದು ಸಣ್ಣದು ಅಂತ ನಿಮಗೆ ಅನ್ನಿಸಿದ್ರೆ, ಒಂದು ಬೇಸಿಗೆ ನಮ್ಮಂಗಡೀಲಿ ಎರಡು ಅಂಗಿ ಹಾಕ್ಕೊಂಡು ಕೂತು ನೋಡಿ.’

ಡಾಕ್ಟರು ಇನ್ನೂ ಏನೇನೋ ಕೇಳಿ, ಒಪ್ಪಿಗೆ ಕೊಟ್ಟರು. ಬಾಯಿಪಾಠ ಮಾಡಿಸಿದ್ದೆಲ್ಲ ನನ್ನಲ್ಲೇ ಉಳಿಯಿತು.

ಡಾಕ್ಟರಮ್ಮ ನಿಧಾನಸ್ಥೆ. ಹಾಳೆಯ ಮೇಲೆ ಚಿತ್ರ ಬರೆದು ಎರಡು ದಾರಿ ತೋರಿಸಿದರು. ಎದೆ ಸಣ್ಣದಿದ್ದವರಿಗೆ ತೊಟ್ಟಿನ ಅಂಚಿನಲ್ಲಷ್ಟೇ ಕೊಯ್ದು ಒಳಗಿನದನ್ನು ತೆಗೆಯಬಹುದು, ಗುರುತು ಕಡಿಮೆ. ಅಣ್ಣನಿಗೆ ಅದು ಆಗುವುದಿಲ್ಲ. ಅವನಿಗೆ ಎದೆಯ ಸ್ನಾಯು ಮುಗಿಯುವ ಕಡೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು, ಒಳಗಿನದನ್ನೂ ಹೆಚ್ಚಿನ ಚರ್ಮವನ್ನೂ ತೆಗೆದು, ತೊಟ್ಟುಗಳನ್ನು ಬಿಡಿಸಿ ಸಣ್ಣದು ಮಾಡಿ ಬೇರೆ ಜಾಗದಲ್ಲಿ ಕಸಿ ಮಾಡಬೇಕು. ಕಸಿ ಕೆಲವೊಮ್ಮೆ ಹಿಡಿಯುವುದಿಲ್ಲ, ಅಲ್ಲಿ ಸ್ಪರ್ಶ ಮೊದಲಿನ ಹಾಗೆ ಇರುವುದಿಲ್ಲ. ಮತ್ತು ಎರಡು ಗೆರೆಗಳು ಕಂಕುಳ ಹತ್ತಿರದವರೆಗೂ ಉಳಿಯುತ್ತವೆ.

ಅಣ್ಣ ರೋಗಿಯ ಹಾಗೆ ಕೇಳಲಿಲ್ಲ, ಪಕ್ಕದ ಅಂಗಡಿಯವನ ಹಾಗೆ ಕೇಳಿದ. ದಾರ ಯಾವುದು, ಒಳಗೆ ಎಷ್ಟು ಪದರ ಹೊಲಿಯುತ್ತೀರಿ, ಗಂಟು ಎಲ್ಲಿ ಅಡಗಿಸುತ್ತೀರಿ, ಗುಂಡಿ ಕೂರಿಸುವ ಜಾಗ ಯಾವ ಲೆಕ್ಕದಲ್ಲಿ. ತೊಟ್ಟನ್ನು ಅವನು ಗುಂಡಿ ಎಂದೇ ಕರೆದ. ಸೋಫಾದ ಬೆನ್ನಿಗೆ ಗುಂಡಿ ಕೂರಿಸುವುದರಲ್ಲಿ ಅವನ ಕೈ ಹೆಸರಾದದ್ದು. ನಡುವೆ ನಾನು ಕಿವಿಯ ಗಂಟು ತೋರಿಸಿದೆ. ಹೊಟ್ಟೆಯದನ್ನೂ ತೋರಿಸಲು ಎದ್ದೆ. ಅಣ್ಣ ಕೈ ಹಿಡಿದು ಕೂರಿಸಿದ. ಡಾಕ್ಟರಮ್ಮ ಗಂಟನ್ನು ಬೆರಳಿನಿಂದ ಒತ್ತಿ ನೋಡಿ ಗಂಭೀರವಾದರು.

‘ನಿಮ್ಮ ಮನೆ ಚರ್ಮ ಹೀಗಿದ್ರೆ ಇವರಿಗೂ ಉಬ್ಬಬಹುದು. ಎಳೆತ ಇಲ್ಲದ ಹಾಗೆ ಹೊಲಿಯೋದು ನನ್ನ ಕೈಲಿದೆ. ಆಮೇಲೆ ಎಳೆಯದೆ ಇರೋದು ಇವರ ಕೈಲಿದೆ. ನಾನು ಹೇಳೋವರೆಗೂ ಕೈ ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹಿಡೀಬಾರದು, ಏನನ್ನೂ ಜಗ್ಗಬಾರದು.’

ಜಗ್ಗುವುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ಈ ಮಾತು. ಅವನು ತಲೆಯಾಡಿಸಿದ. ಹೊರಗೆ ಬಂದ ಮೇಲೆ ಅವನು ಚಿಂತೆ ಮಾಡಿದ್ದು ಗೆರೆಯ ತುದಿಯ ಬಗ್ಗೆ ಮಾತ್ರ. ಬನಿಯನ್ನಿನ ಕಂಕುಳು ಅಗಲ. ಆ ತುದಿ ಉಬ್ಬಿದರೆ ಅಲ್ಲಿಂದ ಇಣುಕಿ ನೋಡುತ್ತದೆ. ತೆಳುವಾಗಿ ಉಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಡಾಕ್ಟರಮ್ಮ ಅವನನ್ನು ನಿಲ್ಲಿಸಿ ಎದೆಯ ಮೇಲೆ ನೇರಳೆ ಪೆನ್ನಿನಲ್ಲಿ ಗೆರೆ ಎಳೆದು ಹೋದರು. ಅವನು ಬಾತ್‌ರೂಮಿಗೆ ಹೋದ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ತಲೆ ಸುತ್ತಿ ಬಿದ್ದಿರಬೇಕು ಎಂದು ನಾನು ಬಾಗಿಲು ತಳ್ಳಿದರೆ, ಕನ್ನಡಿಯ ಮುಂದೆ ನಿಂತಿದ್ದಾನೆ. ಆಸ್ಪತ್ರೆಯ ಗೌನಿನ ಲಾಡಿಯನ್ನು ಬಿಚ್ಚಿ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಎದೆಗೆ ಇಳಿಬಿಟ್ಟು ಅಳೆಯುತ್ತಿದ್ದಾನೆ. ಎಡಗಡೆಯ ಗೆರೆಯನ್ನು ಒದ್ದೆ ಟವೆಲಿನಿಂದ ಒರೆಸಿ, ನನ್ನ ಚೀಲದಲ್ಲಿದ್ದ ಬಾಲ್‌ಪೆನ್ನಿನಲ್ಲಿ ಒಂದು ಬೆರಳು ಮೇಲಕ್ಕೆ ಹೊಸದು ಎಳೆದಾಗಿತ್ತು. ಆ ಪೆನ್ನನ್ನು ಪಾಪು ದಿನಾ ಬಾಯಿಗೆ ಹಾಕುತ್ತದೆ, ನಂಜಾಗುತ್ತದೆ ಎಂದೆ. ಅವನು ಲಾಡಿ ಕಚ್ಚಿಕೊಂಡೇ ‘ಮ್’ ಎಂದ. ಅಷ್ಟರಲ್ಲಿ ನರ್ಸ್ ಬಂದು ನೋಡಿದವಳೇ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದಳು.

‘ಇದನ್ನ ಯಾರು ಬರೆದದ್ದು?’

‘ಎಡಗಡೇದು ಸ್ವಲ್ಪ ಇಳಿದಿತ್ತು ಡಾಕ್ಟ್ರೇ. ಸರಿ ಮಾಡಿದೆ.’

‘ಯಾವುದನ್ನ ನೋಡಿ ಸರಿ ಮಾಡಿದ್ರಿ?’

ಅವನು ಕನ್ನಡಿಯಲ್ಲಿ ಕಾಣುತ್ತಿದ್ದ ಹಿಂದಿನ ಗೋಡೆಯ ಟೈಲ್ಸಿನ ಸಾಲು ತೋರಿಸಿದ.

‘ಇಳಿದಿರೋದು ಗೆರೆ ಅಲ್ಲ ಕಣಪ್ಪ, ನಿಮ್ಮ ಭುಜ. ಬಲಗೈಲೇ ಸುತ್ತಿಗೆ ಹೊಡೆದೂ ಹೊಡೆದೂ ಮೈಯೇ ಒಂದು ಕಡೆ ವಾಲಿದೆ. ನಾನು ಒಳಗಿನ ಸ್ನಾಯು ನೋಡಿ ಬರೆದೆ. ನೀವು ಬಾತ್‌ರೂಮ್ ನೋಡಿ ಬರೆದಿದೀರಿ.’

ಎಲ್ಲ ಒರೆಸಿ ಮತ್ತೆ ಬರೆಯಬೇಕಾಯಿತು. ಬಾಲ್‌ಪೆನ್ನಿನ ಶಾಯಿ ಹೋಗಲು ತಯಾರಿರಲಿಲ್ಲ. ಅಷ್ಟರಲ್ಲಿ ಆಪರೇಷನ್ ಕೋಣೆ ಕಾಯುವುದಿಲ್ಲವೆಂದು ಹಿಂದಿನ ಸಾಲಿನ ಹರ್ನಿಯಾದವರನ್ನು ಒಳಗೆ ಕರೆದುಕೊಂಡುಬಿಟ್ಟರು. ಇವತ್ತು ಆಗದಿದ್ದರೆ ಮುಂದಿನ ಸರದಿ ಸಿಗುವುದು ತಿಂಗಳುಗಟ್ಟಲೆ ಕಾದ ಮೇಲೆಯೇ, ಅಂದರೆ ಮುಂದಿನ ಬೇಸಿಗೆಯೂ ಎರಡು ಅಂಗಿಯಲ್ಲೇ. ಅಣ್ಣ ಹಸಿದ ಹೊಟ್ಟೆಯಲ್ಲಿ ಮಂಚದ ತುದಿಗೆ ಕೂತ. ನಾನು ಪ್ರತಿ ಸಲ ಬಾಗಿಲು ತೆರೆದಾಗಲೂ ಎದ್ದು ನಿಂತೆ. ಗೌನಿನ ಲಾಡಿಯನ್ನು ಮತ್ತೆ ಪೋಣಿಸುತ್ತಾ ಅವನು, ಅಂಗಡೀಲಿ ಗಿರಾಕಿ ಬಂದು ನಾನು ಹಾಕಿದ ಗುರುತು ಅಳಿಸಿದ್ರೆ ನಾನು ಅವರನ್ನ ಏನು ಮಾಡ್ತಿದ್ದೆ ಗೊತ್ತಾ ಎಂದ. ಸಂಜೆಯ ಹೊತ್ತಿಗೆ ಗಾಲಿ ಮಂಚ ಬಂತು.

ಆಪರೇಷನ್ ಸರಾಗವಾಗಿ ಆಯಿತು. ಸುಧಾರಿಸಿಕೊಳ್ಳಲು ಅವನನ್ನು ನಮ್ಮ ಮನೆಗೆ ಕರೆತಂದೆವು. ಎದೆಗೆ ಬಿಗಿಯಾದ ಜಾಕೆಟ್ಟು, ಎರಡೂ ಪಕ್ಕಕ್ಕೆ ಸಣ್ಣ ಕೊಳವೆ, ಕೊಳವೆಯ ತುದಿಗೆ ಒಳಗಿನ ಕೆಂಪು ನೀರು ಸೇರುವ ರಬ್ಬರ್ ಬುರುಡೆ. ಅದನ್ನು ಆಗಾಗ ಖಾಲಿ ಮಾಡಿ ಅಳತೆ ಬರೆದಿಡಬೇಕು. ನಾನು ಮೊದಲ ಸಲ ಮುಚ್ಚಳ ತೆಗೆದವಳು ಹಾಗೇ ಗೋಡೆಗೆ ಒರಗಿ ಕೆಳಗೆ ಜಾರಿದೆ. ಮುಂದೆ ನನ್ನ ಗಂಡನೇ ಆ ಕೆಲಸ ವಹಿಸಿಕೊಂಡ. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವವನ ಹಾಗೆ ಬಗ್ಗಿ ಗೆರೆ ನೋಡಿ, ಇವತ್ತು ಕಮ್ಮಿ ಭಾವ ಎನ್ನುತ್ತಿದ್ದ.

ಅಮ್ಮನೂ ಬಂದಳು. ಆದರೆ ಬರುವ ಮುಂಚೆ ನೆಂಟರಿಗೆಲ್ಲ ಫೋನಿನಲ್ಲಿ ಆಪರೇಷನ್ ವಿಷಯ ಹೇಳಿಬಿಟ್ಟಿದ್ದಳು. ಯಾವ ಆಪರೇಷನ್ ಎಂದು ಹೇಳಲು ಬಾಯಿ ಬರದೆ ಒಬ್ಬೊಬ್ಬರಿಗೆ ತೋಚಿದ್ದನ್ನು ಹೇಳಿದ್ದಳು. ಚಿಕ್ಕಮ್ಮನಿಗೆ ಅಪೆಂಡಿಕ್ಸ್. ಅತ್ತೆಗೆ ಕಿಡ್ನಿಯ ಕಲ್ಲು. ದೊಡ್ಡಪ್ಪನಿಗೆ ಹಾರ್ಟು. ಯಾರಿಗೆ ಯಾವುದು ಎಂದು ಅವಳಿಗೇ ನೆನಪಿರಲಿಲ್ಲ. ಬೆಲ್ ಆದಾಗಲೆಲ್ಲ ಅಣ್ಣ ಹೊಟ್ಟೆ ಹಿಡಿಯಲೋ ಸೊಂಟ ಹಿಡಿಯಲೋ ಎಂದು ಅಮ್ಮನ ಮುಖ ನೋಡುತ್ತಿದ್ದ. ಚಿಕ್ಕಮ್ಮ ಬಂದಾಗ ಸೊಂಟ ಹಿಡಿದು ನರಳಿದ. ಅಪೆಂಡಿಕ್ಸ್ ಅಷ್ಟು ಹಿಂದೆ ಇರುತ್ತಾ ಎಂದು ಅವರು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋದರು.

ದೊಡ್ಡಪ್ಪ ಬಂದದ್ದು ಬೇರೆ ಕಥೆ. ಅವರಿಗೆ ನಿಜವಾಗಿ ಬೈಪಾಸ್ ಆಗಿದೆ, ಮತ್ತು ಅದನ್ನು ತೋರಿಸಲು ಅವರಿಗೆ ನೆಪ ಬೇಕಾಗಿಲ್ಲ. ಕೂತವರೇ ಅಂಗಿಯ ಗುಂಡಿ ಬಿಚ್ಚಿ ಕತ್ತಿನಿಂದ ಹೊಟ್ಟೆಯವರೆಗಿನ ತಮ್ಮ ಗೆರೆ ತೋರಿಸಿ, ಎಲ್ಲಿ ನಿನ್ನದು ತೋರಿಸು ಎಂದರು. ಅಮ್ಮ ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತಳು. ಅಣ್ಣ ಸುಳ್ಳು ಹೇಳಿ ಹೇಳಿ ಸುಸ್ತಾಗಿದ್ದ. ಇದು ಹಾರ್ಟ್ ಅಲ್ಲ ದೊಡ್ಡಪ್ಪ, ಎದೆ ತೆಗೆಸಿದೆ ಎಂದುಬಿಟ್ಟ. ಅಡುಗೆಮನೆಯಲ್ಲಿ ಲೋಟವೊಂದು ಬಿತ್ತು. ದೊಡ್ಡಪ್ಪ ತಮ್ಮ ಗೆರೆಯ ಮೇಲೆ ಬೆರಳನ್ನು ಅಡ್ಡ ಇಟ್ಟು ನೋಡಿಕೊಂಡರು. ಆಮೇಲೆ, ಹಾಗಾದ್ರೆ ನಿಂದು ಅಡ್ಡಕ್ಕೆ ಕೊಯ್ದಿರ್ತಾರೆ ಎಂದರು. ಅಡ್ಡಕ್ಕೆ ಕೊಯ್ದರೆ ಕೆಮ್ಮಿದಾಗ ಹೇಗೆ, ಉದ್ದಕ್ಕೆ ಕೊಯ್ದರೆ ಹೇಗೆ ಎಂಬ ಬಗ್ಗೆ ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಹೋಗುವಾಗ ಬಾಗಿಲಲ್ಲಿ ಅಮ್ಮನಿಗೆ, ನನ್ನದಷ್ಟು ದೊಡ್ಡದಲ್ಲ ಬಿಡು, ಹೆದರಬೇಡ ಎಂದರು.

ಕೊಳವೆ ತೆಗೆದು ಪಟ್ಟಿ ಬಿಚ್ಚಿದ ದಿನ ಗೆರೆಗಳನ್ನು ಮೊದಲು ನೋಡಿದೆವು. ಹಾಳೆಯ ಮೇಲೆ ಸೀಸದ ಕಡ್ಡಿಯಲ್ಲಿ ಎಳೆದಷ್ಟು ತೆಳು. ಕಸಿ ಮಾಡಿದ ತೊಟ್ಟುಗಳು ಕಪ್ಪಗೆ ಹಕ್ಕಳೆ ಕಟ್ಟಿದ್ದವು. ನಾನು ಕೊಳೆತೇ ಹೋಗಿದೆ ಎಂದು ಅಳಲು ತಯಾರಾದೆ, ಡಾಕ್ಟರಮ್ಮ ಅದು ಹಾಗೇ ಇರಬೇಕು ಎಂದರು. ಅಣ್ಣ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಎಡಗಡೆ ಬಲಗಡೆ ನೋಡಿದ. ನೀಟಾಗಿದೆ ಡಾಕ್ಟ್ರೇ ಎಂದ. ಆಮೇಲೆ ಮೂಗು ಒರೆಸಿಕೊಳ್ಳಲು ಕೈ ಎತ್ತಿದ. ನಾನೂ ಡಾಕ್ಟರಮ್ಮನೂ ಒಟ್ಟಿಗೆ, ಕೈ ಕೆಳಗೆ ಎಂದು ಗದರಿದೆವು. ಮೂಗನ್ನು ನಾನೇ ಒರೆಸಿದೆ.

ಎಲ್ಲ ಸರಿಯಾಗಿಯೇ ಇರುತ್ತಿತ್ತು, ನಮ್ಮ ಮನೆಯ ಸೋಫಾ ಒಂದು ಇಲ್ಲದಿದ್ದರೆ. ಅತ್ತೆಮನೆಯಿಂದ ಬಂದ ಅದೇ ಜೋಲು ಬಿದ್ದ ಸೋಫಾ. ದಿನವೆಲ್ಲ ಅದರ ಮೇಲೆ ಕೂತು ಕೈ ಕಟ್ಟಿಕೊಂಡಿರುವುದೆಂದರೆ ಅಡುಗೆಯವನನ್ನು ಹಳಸಿದ ಸಾರಿನ ಪಾತ್ರೆಯ ಮುಂದೆ ಕೂರಿಸಿದ ಹಾಗೆ. ಒಂದು ಮಧ್ಯಾಹ್ನ ನಾನು ಪಾಪುವಿಗೆ ಸ್ನಾನ ಮಾಡಿಸಿ ಹೊರಗೆ ಬಂದರೆ ಸೋಫಾ ಬೋರಲು ಬಿದ್ದಿದೆ, ತಳದ ಬಟ್ಟೆ ಬಿಚ್ಚಿದೆ, ಅಣ್ಣ ಒಂದು ಮೊಣಕಾಲು ಚೌಕಟ್ಟಿಗೆ ಕೊಟ್ಟು ಪಟ್ಟಿಯನ್ನು ಮೈಭಾರವೆಲ್ಲ ಹಾಕಿ ಜಗ್ಗುತ್ತಿದ್ದಾನೆ.

‘ಕೈ ಮೇಲೆ ಎತ್ತಲಿಲ್ಲ ಕಣೇ. ಅಡ್ಡಕ್ಕೆ ಎಳೆದೆ ಅಷ್ಟೇ.’

ಬಲಗಡೆ, ಕಂಕುಳ ಹತ್ತಿರ, ಅವನಿಗೆ ಆಗಲೇ ಚುರುಕ್ಕೆಂದಿತ್ತು. ಹೇಳಲಿಲ್ಲ. ಕೆಲವು ವಾರಗಳಲ್ಲಿ ಎಡಗಡೆಯ ಗೆರೆ ತೆಳುವಾಗಿಯೇ ಉಳಿಯಿತು. ಬಲಗಡೆಯದು ತುದಿಯಲ್ಲಿ ಅಗಲವಾಗಿ, ಕೆಂಪಾಗಿ, ಕಿರುಬೆರಳ ದಪ್ಪಕ್ಕೆ ಉಬ್ಬಿತು. ಸೋಫಾ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಯಿತು. ಡಾಕ್ಟರಮ್ಮ ಮೆತ್ತನೆಯ ಸಿಲಿಕಾನ್ ಹಾಳೆ ಅಂಟಿಸಲು ಕೊಟ್ಟರು, ದಿನಾ ತಿಕ್ಕಬೇಕು ಎಂದರು, ಗಾಯದ ಒಳಗೇ ಇಂಜೆಕ್ಷನ್ ಚುಚ್ಚಿದರು. ಎದೆ ಕೊಯ್ಯುವಾಗ ಅಳದವನು ಆ ಇಂಜೆಕ್ಷನ್ನಿಗೆ ಕುರ್ಚಿಯ ಕೈ ಹಿಡಿದು, ಇದರ ರೆಕ್ಸಿನ್ ಹರಿದಿದೆ, ಇದರ ರೆಕ್ಸಿನ್ ಹರಿದಿದೆ ಎಂದು ಜಪ ಮಾಡಿದ. ಉಬ್ಬು ಸ್ವಲ್ಪ ತಗ್ಗಿತು. ಪೂರ್ತಿ ಹೋಗಲು ಒಪ್ಪಲಿಲ್ಲ.

ತಿಕ್ಕುವ ಕೆಲಸ ಮೊದಲು ನನ್ನದಾಗಿತ್ತು. ಒತ್ತಿದರೆ ನೋಯುತ್ತದೆ, ಒತ್ತದಿದ್ದರೆ ಗುಣ ಇಲ್ಲ. ಒತ್ತುವ ಮೊದಲೇ ನಾನು ಅಯ್ಯೋ ಎನ್ನುವುದನ್ನು ಕೇಳಿ ಅಣ್ಣನೇ ಹೆದರುತ್ತಿದ್ದ. ಅಮ್ಮ ಅಲ್ಲಿಯವರೆಗೆ ಅವನ ಎದೆಯ ಕಡೆ ನೋಡಿರಲಿಲ್ಲ. ಬಟ್ಟೆ ಬದಲಿಸುವಾಗ ಬಾಲ್ಕನಿಗೆ ಹೋಗುತ್ತಿದ್ದಳು. ಒಂದು ದಿನ ನನ್ನ ಕೈಯಿಂದ ಮುಲಾಮು ಕಿತ್ತುಕೊಂಡು, ‘ಏನೇ ಇದು, ಧೂಳು ಒರೆಸೋ ಹಾಗೆ. ಸರಿ ಅತ್ಲಾಗೆ’ ಎಂದು ತಾನೇ ಕೂತಳು. ಹೆಬ್ಬೆರಳಿನಿಂದ ಗೆರೆಯ ಉದ್ದಕ್ಕೂ ಒತ್ತುತ್ತಾ, ತನ್ನ ತೋಳಿನ ಉಬ್ಬನ್ನು ಮುಟ್ಟಿ ನೋಡಿ ಮತ್ತೆ ಅವನದನ್ನು ಮುಟ್ಟಿ, ‘ನಿನಗೆ ನನ್ನ ಚರ್ಮಾನೇ ಬಂದಿದೆ ಕಣೋ, ನಿಮ್ಮಪ್ಪಂದಲ್ಲ’ ಎಂದಳು. ಆ ದನಿಯಲ್ಲಿ ಸ್ವಲ್ಪ ಗೆಲುವೂ ಇತ್ತು. ಆಮೇಲೆ ಅವಳು ನಮ್ಮ ಮನೆಯಲ್ಲಿ ಇದ್ದಷ್ಟು ದಿನ ಬೇರೆ ಯಾರ ಕೈಗೂ ಆ ಮುಲಾಮು ಸಿಗಲಿಲ್ಲ.

ಅಣ್ಣ ಅಂಗಡಿಗೆ ಹಿಂತಿರುಗಿದ. ಬೇಸಿಗೆ ಬಂತು. ಅವನ ಮೈಮೇಲೆ ಬನಿಯನ್, ಅದರ ಮೇಲೆ ಅಂಗಿ, ಅದರ ಮೇಲೆ ಇನ್ನೊಂದು ಅಂಗಿ. ಎದೆ ಚಪ್ಪಟೆಯಾಗಿತ್ತು, ಉಸಿರು ಪೂರ್ತಿ ಬರುತ್ತಿತ್ತು, ಆದರೂ ಅಂಗಿ ಇಳಿಯಲಿಲ್ಲ. ಕಾರಣ ಕೇಳಿದರೆ, ಆ ತುದಿ ಕಾಣುತ್ತೆ ಎಂದ. ಯಾರಿಗೆ ಕಾಣುತ್ತೆ ಎಂದೆ. ಬಂದವರಿಗೆ ಎಂದ. ನೋಡಿದವರು ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳಿದರೆ ಅವರು ಸೋಫಾದ ಬದಲು ನನ್ನನ್ನೇ ನೋಡುತ್ತಾರೆ ಎಂದ. ಇನ್ನೂ ಒಂದು ವರ್ಷದ ಮೇಲೆ ಬಣ್ಣ ಇಳಿಯಬಹುದು ಎಂದಿದ್ದರು ಡಾಕ್ಟರಮ್ಮ. ಅವನು ಅದಕ್ಕೆ ಕಾಯುವವನ ಹಾಗೆ ಬೆವರುತ್ತಾ ಕೂತಿದ್ದ. ಇಷ್ಟೆಲ್ಲ ಕೊಯ್ಸಿಕೊಂಡದ್ದು ಇದಕ್ಕಾ ಎಂದು ಕೇಳಲು ಹೊರಟಿದ್ದೆ. ಅವನ ಸಂಕಟ ನನ್ನದಕ್ಕಿಂತ ಹೆಚ್ಚಿತ್ತು, ಆದ್ದರಿಂದ ನೀರಾದರೂ ಸರಿಯಾಗಿ ಕುಡಿ ಎಂದಷ್ಟೇ ಹೇಳಿದೆ.

ಒಂದು ಮಧ್ಯಾಹ್ನ ಪಾಪುವನ್ನು ಎತ್ತಿಕೊಂಡು, ಅವನು ನೀರು ಕುಡಿಯುತ್ತಿದ್ದಾನೋ ಇಲ್ಲವೋ ಎಂದು ನೋಡಲು ಅಂಗಡಿಗೆ ಹೋದೆ. ತಗಡಿನ ಮಾಡು ಕಾದು ಟಕಟಕ ಎನ್ನುತ್ತಿತ್ತು. ನಿವೃತ್ತ ಹೆಡ್‌ಮಿಸ್ ಒಬ್ಬರ ಸೋಫಾ ಅರ್ಧ ಆಗಿತ್ತು. ಅಣ್ಣ ಅದರ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದವನು ಎಳೆಯುವುದನ್ನು ಬಿಟ್ಟು ಸೋಫಾವನ್ನೇ ಹಿಡಿದು ನಿಂತ. ಮುಖ ಬೂದಿಯ ಬಣ್ಣ. ಹಾಗೇ ಮೆಲ್ಲಗೆ ನೆಲಕ್ಕೆ ಕೂತ. ಮೇಸ್ತ್ರಿ ಮೊಳೆಗಳನ್ನೆಲ್ಲ ಉಗುಳಿ ಎದ್ದು ಬಂದು, ‘ಅಂಗಿ ಬಿಚ್ಚೋ. ಇಲ್ಲಿ ಸತ್ತರೆ ಈ ಸೋಫಾ ಯಾರು ಮುಗಿಸ್ತಾರೆ?’ ಎಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವನು ಬಿಚ್ಚುವ ಸ್ಥಿತಿಯಲ್ಲಿರಲಿಲ್ಲ, ನಾನೇ ಬಿಚ್ಚಿದೆ. ಒಂದು ಅಂಗಿ, ಇನ್ನೊಂದು ಅಂಗಿ. ನೀರು ಕುಡಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ, ಪಾಪುವಿನ ಪುಸ್ತಕದಿಂದ ಗಾಳಿ ಬೀಸಿದೆ. ಬನಿಯನ್ನಿನ ಕಂಕುಳಲ್ಲಿ ಆ ಉಬ್ಬು ಕೆಂಪಗೆ ಮಿಂಚುತ್ತಾ ಹೊರಗೆ ಇಣುಕಿತ್ತು. ಮುಖಕ್ಕೆ ಬಣ್ಣ ಬಂದ ಕೂಡಲೇ ಅವನು ಅಂಗಿಗೆ ಕೈ ಚಾಚಿದ. ಆಗಲೇ ಹೆಡ್‌ಮಿಸ್ ಒಳಗೆ ಬಂದರು. ಅವರ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

‘ಏನಯ್ಯಾ ಅದು?’

ಅಣ್ಣ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

‘ಎದೆ ಆಪರೇಷನ್ ಆಗಿತ್ತು ಮೇಡಂ.’

‘ವಾಸಿ ಆಯ್ತಾ?’

‘ಆಯ್ತು.’

‘ಮತ್ತೆ ನನ್ನ ಸೋಫಾ ಯಾಕೆ ಇನ್ನೂ ಆಗಿಲ್ಲ?’

ಅವನು ಉತ್ತರ ಕೊಡುವ ಮೊದಲೇ ಅವರು ಸೋಫಾದ ಸುತ್ತ ನಡೆದು, ಕನ್ನಡಕ ಏರಿಸಿ, ಬೆನ್ನಿನ ಅಂಚಿನುದ್ದಕ್ಕೂ ಹೊಲಿದ ಉಬ್ಬು ಪಟ್ಟಿ, ಆ ಪೈಪಿಂಗ್, ಸೊಟ್ಟಗಾಗಿದೆ ಎಂದರು. ಅಣ್ಣನಿಗೆ ರಕ್ತ ಏರಿತು. ನಾನು ಮಾಡಿದ್ದು ಸೊಟ್ಟಗಾಗೋ ಮಾತೇ ಇಲ್ಲ ಎಂದು ಎದ್ದು ನಿಂತ. ಆಗಿದೆ ಎಂದರು ಹೆಡ್‌ಮಿಸ್. ಕಿಟಕಿ ಬೆಳಕಿಗೆ ನಿಮಗೆ ಹಾಗೆ ಕಾಣುತ್ತೆ ಎಂದ ಅಣ್ಣ. ಇಲ್ಲಿ ಕಿಟಕಿಯೇ ಇಲ್ಲವಲ್ಲ ಎಂದರು ಅವರು. ಅವನು ಬಲಗೈಯನ್ನು ಪೂರ್ತಿ ಮೇಲೆತ್ತಿ ಸೋಫಾದ ತುದಿಯಿಂದ ತುದಿಗೆ ಗೆರೆ ತೋರಿಸಿದ, ಮತ್ತೆ ತೋರಿಸಿದ, ಸುತ್ತ ಬಂದು ಆ ಕಡೆಯಿಂದಲೂ ತೋರಿಸಿದ. ಅಂಗಿ ಯಾವಾಗಲೋ ಕೆಳಗೆ ಬಿದ್ದಿತ್ತು. ಪಾಪು ಅದರ ಮೇಲೆ ಕೂತಿತ್ತು. ಆ ಉಬ್ಬು ಇಡೀ ಜಗಳದುದ್ದಕ್ಕೂ ಹೆಡ್‌ಮಿಸ್ ಅವರ ಮೂಗಿನ ನೇರಕ್ಕೇ ಇತ್ತು. ಅವರು ಅದರ ಆಚೆಗೆ ಕತ್ತು ಚಾಚಿ ಪೈಪಿಂಗ್ ನೋಡುತ್ತಿದ್ದರು.

ಕೊನೆಗೆ ಅಣ್ಣ ದಾರ ಹಿಡಿದು ಅಳೆದ. ಪೈಪಿಂಗ್ ನಿಜಕ್ಕೂ ಸ್ವಲ್ಪ ಏರಿತ್ತು. ಅವನು ಹೊಲಿಗೆ ಬಿಚ್ಚಲು ಕೂತ. ಹೆಡ್‌ಮಿಸ್ ಸಮಾಧಾನವಾಗಿ, ನಾಳಿದ್ದು ಬರ್ತೀನಿ ಎಂದು ಹೋದರು. ನಾನು ಪಾಪುವನ್ನು ಎಬ್ಬಿಸಿ ಅಂಗಿ ಕೊಡವಿ, ಬೆವರು ಆರುವಾಗ ನೆಗಡಿ ಆಗುತ್ತೆ, ಒಂದಾದರೂ ಹಾಕಿಕೋ ಎಂದೆ.

‘ಅದನ್ನ ಅತ್ಲಾಗಿಡು. ಬಂದು ಈ ಬಟ್ಟೆ ತುದಿ ಹಿಡ್ಕೋ.’

ಪಾಪುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಡಿದೆ. ಅವನು ಆ ಕಡೆಯಿಂದ ಎಳೆದ ರಭಸಕ್ಕೆ ನಾನೇ ಎರಡು ಹೆಜ್ಜೆ ಮುಂದೆ ಹೋದೆ. ಇಷ್ಟು ಜಗ್ಗಿದರೆ ಎಡಗಡೆಯ ಗೆರೆಯೂ ಉಬ್ಬುತ್ತದೆ, ಡಾಕ್ಟರಮ್ಮ ಏನು ಹೇಳಿದ್ದರು ಎಂದು ಶುರು ಮಾಡಿದೆ. ಅವನು ತುಟಿಗೆ ಒಂದು ಮೊಳೆ ತಂದುಕೊಂಡು, ಬಟ್ಟೆ ಸಡಿಲ ಬಿಟ್ಟಿದ್ದೀಯ, ಗಟ್ಟಿಯಾಗಿ ಹಿಡಿ ಎಂದು ಕಣ್ಣಲ್ಲೇ ಗದರಿದ.